ನಾಲಿಗೆಯಿಂದ ಆರಿಸಿದ ಛರ್ರಾ

ಹೊಸ ಛರ್ರಾ ಡಬ್ಬಿಯ ಮುಚ್ಚಳ ತೆಗೆದಾಗ ಒಂದು ವಾಸನೆ ಬರುತ್ತದೆ. ಎಣ್ಣೆಯದೂ ಅಲ್ಲ, ಕಬ್ಬಿಣದೂ ಅಲ್ಲ, ಗಂಟಲಲ್ಲಿ ಹೋಗಿ ಕೂರುವ ವಾಸನೆ. ಛರ್ರಾ ಎಂದರೆ ಏರ್ ರೈಫಲ್ಲಿಗೆ ಹಾಕುವ ಸೀಸದ ಪುಟ್ಟ ಗುಂಡು, ಹೆಸರುಕಾಳಿಗಿಂತ ತುಸು ದೊಡ್ಡದು. ಪಣಜಿಯ ಹತ್ತಿರದ ಒಂದು ಶೂಟಿಂಗ್ ರೇಂಜಿನಲ್ಲಿ ಹೊಸಬರಿಗೆ ಗುರಿ ಕಲಿಸುವುದು ನನ್ನ ಕೆಲಸ. ಹೋದ ತಿಂಗಳು, ಸಂಜೆ ಕಲಿಯಲು ಬರುವ ಬ್ಯಾಂಕಿನ ಗುಮಾಸ್ತರೊಬ್ಬರು ಎರಡೂ ಕೈಯಲ್ಲಿ ರೈಫಲ್ ಹಿಡಿದಿದ್ದರಿಂದ ಒಂದು ಛರ್ರಾವನ್ನು ತುಟಿಯಲ್ಲಿ ಕಚ್ಚಿಕೊಂಡರು. ನಾನು ಕಿರುಚಿದ ರಭಸಕ್ಕೆ ಎಲ್ಲರೂ ರೈಫಲ್ ಕೆಳಗಿಟ್ಟು ತಿರುಗಿದರು. ಅವರು ಗಾಬರಿಯಿಂದ ಉಗುಳಿ "ಸಾರಿ ಮೇಡಂ" ಎಂದರು. ಆ ಸಂಜೆ ಆಮೇಲೆ ನನ್ನಿಂದ ಪಾಠ ಮಾಡಲಾಗಲಿಲ್ಲ.

ನನಗೆ ಕಾಕಾ ನೆನಪಾಗಿದ್ದರು. ಕುಡಿದು ಕುಡಿದು ಸತ್ತರು ಎಂದು ಪಣಜಿ ಪಕ್ಕದ ಚಿಂಬಲ್‌ನ ನಮ್ಮ ಸಾಲುಖೋಲಿಗಳಲ್ಲಿ ಇವತ್ತಿಗೂ ಹೇಳುತ್ತಾರೆ. ಅವರ ಹೆಂಡತಿಯೇ ಹೇಳುತ್ತಾಳೆ... ಹಾಗಲ್ಲ ಎಂದು ಗೊತ್ತಿದ್ದವಳು ನಾನೊಬ್ಬಳೇ. ಗೊತ್ತಿದ್ದೂ ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಕಾಕಾ ನಮಗೆ ರಕ್ತಸಂಬಂಧಿಯಲ್ಲ. ವಿಜಯಪುರದ ಕಡೆಯವರು, ಪಕ್ಕದ ಖೋಲಿಯಲ್ಲಿದ್ದರು, ಅಷ್ಟೇ. ಮೊದಲು ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದರು. ಸ್ಲ್ಯಾಬು ಹಾಕುವ ಮುಂಚೆ ಹಲಗೆ ಬಡಿದು ನಿಲ್ಲಿಸುವ ಕೆಲಸ. ಎತ್ತರದಲ್ಲಿ ನಿಂತಾಗ ಒಂದು ಕೈ ಹಲಗೆಗೆ, ಇನ್ನೊಂದು ಸುತ್ತಿಗೆಗೆ, ಹಾಗಾಗಿ ಮೊಳೆಗಳೆಲ್ಲ ಬಾಯಿಗೆ. ಹತ್ತು ಹನ್ನೆರಡು ಮೊಳೆಗಳನ್ನು ಒಟ್ಟಿಗೇ ತುಂಬಿಕೊಂಡು, ನಾಲಿಗೆಯಿಂದ ಒಂದೊಂದನ್ನೇ ತಿರುಗಿಸಿ ತುಟಿಗೆ ತರುತ್ತಿದ್ದರು. ಒಂದು ದಿನ ಕಟ್ಟಡದಿಂದ ಬಿದ್ದು ಕಾಲು ಮುರಿದು, ಕುಂಟು ಉಳಿಯಿತು. ಆಮೇಲೆ ಕಲಂಗುಟ್ ಬೀಚಿನಲ್ಲಿ ಬಲೂನ್ ಹೊಡೆಯುವ ಅಂಗಡಿ ಇಟ್ಟರು. ಒಂದು ಹಲಗೆ, ಅದರ ಮೇಲೆ ಸಾಲಾಗಿ ಬಲೂನು, ಎರಡು ಹಳೆಯ ಏರ್‌ಗನ್ನು. ಕೆಲಸ ಬದಲಾದರೂ ಬಾಯಿಯ ರೂಢಿ ಬದಲಾಗಲಿಲ್ಲ. ಮೊಳೆ ಇದ್ದ ಜಾಗಕ್ಕೆ ಛರ್ರಾ ಬಂತು. ಗಿರಾಕಿಗಳಿಗೆ ಬಂದೂಕು ತುಂಬಿಕೊಡುವಾಗ ಅವರ ಕೆನ್ನೆಯೊಂದು ಸದಾ ಉಬ್ಬಿರುತ್ತಿತ್ತು.

ನನ್ನ ಅವ್ವ ಅದೇ ಬೀಚಿನಲ್ಲಿ ಮಣಿಸರ, ಕಾಲ್ಗೆಜ್ಜೆ ಮಾರುತ್ತಿದ್ದಳು. ಕಾಲೇಜಿಗೆ ರಜೆ ಇದ್ದ ದಿನ ನಾನೂ ಜೊತೆಗೆ ಹೋಗುತ್ತಿದ್ದೆ. ಗಿರಾಕಿಗಳಿಲ್ಲದ ಮಧ್ಯಾಹ್ನ ಕಾಕಾ ಬಂದೂಕು ಕೊಟ್ಟು, "ಹೊಡಿ ತಂಗಿ, ನಿನ್ನಿಂದರ ನಾಕು ಮಂದಿ ನಿಂತು ನೋಡ್ಲಿ," ಎನ್ನುತ್ತಿದ್ದರು. ನಾನು ಹೊಡೆದಿದ್ದೆಲ್ಲ ತಾಗುತ್ತಿತ್ತು. ಬಲೂನು ಖಾಲಿಯಾಗುವುದನ್ನು ನೋಡಿ, "ಸಾಕವಾ, ನನ್ನ ದಿವಾಳಿ ಎಬ್ಬಿಸ್ತಿ," ಎಂದು ಬಂದೂಕು ಕಸಿದುಕೊಳ್ಳುತ್ತಿದ್ದರು.

ಮರುವರ್ಷ ಕಾಲೇಜಿನ ಶೂಟಿಂಗ್ ತಂಡಕ್ಕೆ ಸೇರಿದೆ. ಅಲ್ಲಿ ರೈಫಲ್ ಕಾಲೇಜಿನದು, ಛರ್ರಾ ನಮ್ಮದು. ರಾಜ್ಯ ತಂಡಕ್ಕೆ ಆಯ್ಕೆಯಾಗಬೇಕೆಂದರೆ ದಿನವೂ ನೂರಾದರೂ ಹೊಡೆಯಬೇಕು ಎಂದು ತರಬೇತುದಾರರು ಹೇಳಿಬಿಟ್ಟರು. ವಿದೇಶಿ ಡಬ್ಬಿಯ ಛರ್ರಾ ಒಂದರಂತೆ ಒಂದು ಇರುತ್ತದೆ, ಆದರೆ ಅದು ಅವ್ವನ ದುಡಿಮೆಗೆ ಎಟುಕುವಂಥದ್ದಲ್ಲ. ಪ್ಲಾಸ್ಟಿಕ್ ಪ್ಯಾಕೆಟ್ಟಿನ ಅಗ್ಗದ ಛರ್ರಾ ತಂದರೆ ಒಂದು ನೆಟ್ಟಗೆ ಹೋಗುತ್ತದೆ, ಇನ್ನೊಂದು ಎತ್ತಲೋ ಹೋಗುತ್ತದೆ. ತಪ್ಪಿದ್ದು ನನ್ನ ಕೈಯೋ ಛರ್ರಾವೋ ಗೊತ್ತಾಗದೆ ಅಳು ಬರುತ್ತಿತ್ತು. ಒಂದು ದಿನ ಬೀಚಿನಿಂದ ಮರಳುವ ಬಸ್ಸಿನಲ್ಲಿ ಕಾಕಾನ ಮುಂದೆ ಹೇಳಿಕೊಂಡೆ.

"ಪ್ಯಾಕೀಟಿನ್ಯಾಗ ಎಲ್ಲಾವೂ ಕೆಟ್ಟ ಇರೂದಿಲ್ಲ ತಂಗಿ. ಚಲೋವೂ ಇರ್ತಾವ. ಆರಿಸಬೇಕು, ಅಷ್ಟ," ಎಂದರು.

ಅವತ್ತಿನಿಂದ ಆರಿಸುವುದು ಅವರ ಕೆಲಸವಾಯಿತು. ಕನ್ನಡಿಯ ತುಂಡೊಂದನ್ನು ತುಸು ಓರೆಯಾಗಿಟ್ಟು ಅದರ ಮೇಲೆ ಛರ್ರಾ ಉರುಳಿಸುತ್ತಿದ್ದರು. ಒಳ್ಳೆಯದು ಸರಾಗವಾಗಿ ಒಂದೇ ಬಾಗಿನಲ್ಲಿ ಉರುಳುತ್ತಿತ್ತು, ಸೊಟ್ಟಗಿದ್ದದ್ದು ಕುಂಟುತ್ತಿತ್ತು. "ನನ್ನ ಜಾತಿದು," ಎಂದು ಕುಂಟುವುದನ್ನೆಲ್ಲ ಬಲೂನಿನ ಡಬ್ಬಿಗೆ ಹಾಕುತ್ತಿದ್ದರು. ಆಮೇಲೆ ಬೆಳಕಿಗೆ ಹಿಡಿದು, ಲಂಗದಂತೆ ಅರಳಿದ ಹಿಂಬದಿಯ ತೆಳು ಅಂಚನ್ನು ನೋಡುತ್ತಿದ್ದರು. ಅದರಲ್ಲೂ ಪಾಸಾದದ್ದು ಕೊನೆಗೆ ಬಾಯಿಗೆ. ಅಂಚಿನ ಸುತ್ತ ನಾಲಿಗೆಯ ತುದಿ ಆಡಿಸಿ, ಕೂದಲೆಳೆಯಷ್ಟು ಮುಕ್ಕಿದ್ದರೂ ಉಗುಳುತ್ತಿದ್ದರು.

"ಕಣ್ಣಿಗೆ ಕಾಣಲಾರದ್ದು ನಾಲಿಗಿಗೆ ತಿಳೀತೈತಿ. ಹಲ್ಲಾಗ ಸಿಕ್ಕ ನಾರು ಕಣ್ಣಿಗೆ ಕಾಣತೈತೇನು?"

ಎಂಜಲೆಂದು ನಾನು ಮೊದಮೊದಲು ಅವನ್ನು ತೊಳೆದು, ಹಳೆಯ ಸೀರೆಯ ತುಂಡಿನ ಮೇಲೆ ಆರಹಾಕುತ್ತಿದ್ದೆ. "ಏನವಾ, ಸೀಸದ ಸಂಡಗಿ ಹಾಕೀಯೇನು?" ಎಂದು ಅವ್ವ ನಗುತ್ತಿದ್ದಳು. ಆದರೆ ರೇಂಜಿನಲ್ಲಿ ಹೊಡೆದು ನೋಡಿದಾಗ ನಗು ನನ್ನದಾಯಿತು. ಹತ್ತು ಹೊಡೆದರೆ ಹತ್ತೂ ಒಂದು ರೂಪಾಯಿ ನಾಣ್ಯದಷ್ಟು ಜಾಗದೊಳಗೆ. ತರಬೇತುದಾರರು ಡಬ್ಬಿ ಯಾವ ಕಂಪನಿಯದು ಎಂದು ಕೇಳಿದರು. ನಾನು ಹೆಮ್ಮೆಯಿಂದ, "ನಮ್ಮ ಕಾಕಾನದು," ಎಂದೆ.

ರೇಂಜಿನ ಗೋಡೆಯ ಮೇಲೆ ಒಂದು ಫಲಕವಿತ್ತು. ಸೀಸ ವಿಷ, ಛರ್ರಾ ಮುಟ್ಟಿದ ಮೇಲೆ ಕೈ ತೊಳೆಯಿರಿ ಎಂದು. ದಿನವೂ ಅದನ್ನು ಓದಿ, ಸೋಪು ಹಚ್ಚಿ ಕೈ ತೊಳೆದು ಮನೆಗೆ ಬರುತ್ತಿದ್ದೆ. ಒಮ್ಮೆ ಕಾಕಾನಿಗೆ ಹೇಳಿದೆ: "ಬಾಯಾಗ ಇಡಬ್ಯಾಡ್ರಿ ಕಾಕಾ, ವಿಷ ಅಂತ." ಅವರು ನಕ್ಕರು. "ಇಪ್ಪತ್ತು ವರ್ಷ ಜಂಗು ಹಿಡದ ಮೊಳಿ ಚೀಪೀನಿ. ಇದೇನ ಮಾಡ್ತೈತಿ ನನಗ?" ಎಂದರು. ಇನ್ನೊಮ್ಮೆ ಹೇಳಬಹುದಿತ್ತು. ಹಟ ಹಿಡಿಯಬಹುದಿತ್ತು. ಹಿಡಿಯಲಿಲ್ಲ, ಏಕೆಂದರೆ ಆಯ್ಕೆಗೆ ಎರಡೇ ತಿಂಗಳಿತ್ತು. ಬಲೂನು ಹೊಡೆಯಲು ಯಾರೂ ಛರ್ರಾ ಆರಿಸುವುದಿಲ್ಲ. ಆ ಒಂದು ವರ್ಷ ಅವರು ನಾಲಿಗೆಯ ಮೇಲಿಟ್ಟ ಸಾವಿರಾರು ಛರ್ರಾಗಳೆಲ್ಲ ನನಗಾಗಿ.

ಅವರಿಗೆ ಮೊದಲು ಬಂದದ್ದು ಹೊಟ್ಟೆನೋವು. ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಹೊರಳಾಡುವಂಥದ್ದು. ಭಾನುವಾರ ಒಂದಿಷ್ಟು ಫೆನಿ ಕುಡಿಯುವ ಚಟವಿದ್ದದ್ದು ನಿಜ, ಅದಕ್ಕೇ ಅವರ ಹೆಂಡತಿ, ನಮ್ಮ ಕಾಕು, ಎಲ್ಲವನ್ನೂ ಫೆನಿಯ ತಲೆಗೆ ಕಟ್ಟಿದಳು. ಬಾಟಲಿ ಹುಡುಕಿ ಮೋರಿಗೆ ಸುರಿದಳು, ಓಣಿಗೆಲ್ಲ ಕೇಳುವಂತೆ ಬೈದಳು, ಮಾತು ಬಿಟ್ಟಳು. ನಾನು ರಾಜ್ಯ ತಂಡಕ್ಕೆ ಆಯ್ಕೆಯಾದ ಸುದ್ದಿ ಹೇಳಲು ಹೋದಾಗ ಕಾಕಾ ಗೋಡೆಗೆ ಒರಗಿ ಕೂತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ.

"ಒಂದರ ಛರ್ರಾ ದಾರಿ ತಪ್ಪಿ ಹೋತೇನು?"

"ಇಲ್ರಿ ಕಾಕಾ. ಒಂದೂ ಇಲ್ಲ."

ನನ್ನ ತಲೆ ಮುಟ್ಟಲು ಬಲಗೈ ಎತ್ತಿದರು. ತೋಳು ಮೇಲೆ ಬಂತು, ಮಣಿಕಟ್ಟಿನಿಂದಾಚೆ ಕೈ ಹಾಗೇ ಜೋತುಬಿದ್ದಿತ್ತು...

ಸರ್ಕಾರಿ ಆಸ್ಪತ್ರೆಗೆ ನಾನೂ ಕಾಕುವೂ ಕರೆದೊಯ್ದೆವು. ಡಾಕ್ಟರ್ ಕೊಂಕಣಿಯಲ್ಲಿ ಕೇಳುತ್ತಿದ್ದರು, ಕಾಕುವಿಗೆ ಕೊಂಕಣಿ ಬಾರದು, ನಡುವೆ ನಾನು. ಕುಡಿಯುತ್ತಾರೆಯೇ ಎಂದು ಕೇಳಿದರು. ಕಾಕು, "ಅದನ್ನ ಬಿಟ್ರ ಏನ್ ಮಾಡ್ಯಾರ್ರಿ!" ಎಂದು ಅತ್ತಳು, ಕುಡಿಯುತ್ತಾರೆ ಎಂದು ನಾನು ಹೇಳಿದೆ. ಏನು ಕೆಲಸ ಎಂದು ಕೇಳಿದರು. ಬೀಚಿನಲ್ಲಿ ಬಲೂನ್ ಅಂಗಡಿ ಎಂದೆ. ಅಷ್ಟೇ ಹೇಳಿದೆ. ರೇಂಜಿನ ಗೋಡೆಯ ಫಲಕ ಕಣ್ಣಿಗೆ ಕಟ್ಟಿದಂತಿತ್ತು. ಬಾಯಿಯಲ್ಲಿ ಛರ್ರಾ ಇಡುತ್ತಾರೆ ಎಂದರೆ ಯಾಕೆ, ಯಾರಿಗಾಗಿ ಎಂಬ ಪ್ರಶ್ನೆ ಬರುತ್ತದೆ ಎಂದು ಹೆದರಿದೆ. ಡಾಕ್ಟರ್ ಬಲೂನ್ ಎಂದು ಬರೆದುಕೊಂಡು ಮುಂದಿನ ರೋಗಿಯನ್ನು ಕರೆದರು.

ಮಳೆಗಾಲ ಮುಗಿಯುವುದರೊಳಗೆ ಕಾಕಾ ಹೋಗಿಬಿಟ್ಟರು.

ಆಟದ ಬಲದಿಂದಲೇ ನನಗೆ ಈ ಕೆಲಸ ಸಿಕ್ಕಿತು. ಕಲಿಸುವವರಿಗೆಂದು ನಡೆದ ತರಬೇತಿಯಲ್ಲಿ ಒಬ್ಬ ವೈದ್ಯರು ಸೀಸದ ವಿಷದ ಲಕ್ಷಣಗಳನ್ನು ಹೇಳುತ್ತಾ ಹೋದರು: ಹೊಟ್ಟೆನೋವು, ಬಿಳಿಚಿದ ಮುಖ, ಜೋತುಬೀಳುವ ಕೈ... ನಾನು ಬರೆದುಕೊಳ್ಳುವುದನ್ನು ನಿಲ್ಲಿಸಿದೆ. ಅದುವರೆಗೆ ಅನುಮಾನ ಎಂದು ಹೇಳಿಕೊಂಡು ಬದುಕಿದ್ದೆ. ಅವತ್ತಿನಿಂದ ಆ ನೆಪವೂ ಉಳಿಯಲಿಲ್ಲ. ಆದರೂ ಹೇಳಲಿಲ್ಲ. ನನ್ನಷ್ಟು ಹೇಡಿ ಇನ್ನೊಬ್ಬಳಿರಲಾರಳು.

ಗುಮಾಸ್ತರ ಮೇಲೆ ಕಿರುಚಿದ ಮರುದಿನ ಚಿಂಬಲ್‌ಗೆ ಹೋದೆ. ಕಾಕು ಹೊಸ್ತಿಲಲ್ಲಿ ಕೂತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ಫಲಕದ್ದು, ಆಯ್ಕೆಯದ್ದು, ಡಾಕ್ಟರಿಗೆ ಹೇಳದೆ ನುಂಗಿಕೊಂಡದ್ದು. ಬೈಸಿಕೊಳ್ಳಲು ಸಿದ್ಧಳಾಗಿಯೇ ಹೋಗಿದ್ದೆ. ಹೊಡೆದಿದ್ದರೂ ಸುಮ್ಮನಿರುತ್ತಿದ್ದೆ.

ಕಾಕು ಬೈಯಲಿಲ್ಲ. ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟಳು.

"ಅಂದ್ರ, ಕುಡದು ಸತ್ತದ್ದಲ್ಲೇನು?"

"ಅಲ್ರಿ ಕಾಕು."

"ಹೊಟ್ಟಿ ಹಿಡಕೊಂಡು ಒದ್ದಾಡುವಾಗ ಅವ್ರು ದಿನಾ ಅಂತಿದ್ರು, ಖರೇನ ಕುಡದಿಲ್ಲ, ಬೇಕಾದ್ರ ಬಾಯಿ ಮೂಸಿ ನೋಡು ಅಂತ." ಸೆರಗಿನಿಂದ ಮುಖ ಒರೆಸಿಕೊಂಡಳು. "ನಾ ಒಂದ ದಿನನೂ ಮೂಸಿ ನೋಡ್ಲಿಲ್ಲವಾ."