ನಿಂತುಕೊಂಡೇ ಮಾಡುವ ಮೀಟಿಂಗು

ನಮ್ಮ ಆಫೀಸಿನ ಗೋಡೆಗೆ ಹಳದಿ ಚೀಟಿಗಳು ಬಂದ ದಿನವೇ ನಾನು ಬಾಯಿಗೆ ಬೀಗ ಹಾಕಿಕೊಂಡೆ.

ರಾಮನಗರದಲ್ಲಿ ಒಂದು ಟೈರ್ ಅಂಗಡಿಯ ಮಹಡಿಯ ಮೇಲೆ ನಮ್ಮ ಸಾಫ್ಟ್‌ವೇರ್ ಆಫೀಸು. ಒಟ್ಟು ಆರು ಜನ. ಅಕ್ಕಿ ಗಿರಣಿ, ಔಷಧಿ ಅಂಗಡಿ, ಮಾವಿನ ಮಂಡಿ, ಯಾರು ಬಂದು ಕೇಳಿದರೂ ಅವರಿಗೆ ಬೇಕಾದ ಪ್ರೋಗ್ರಾಂ ಬರೆದುಕೊಡುತ್ತಿದ್ದೆವು. ಕೂಟಗಲ್‌ನಿಂದ ಬಸ್ಸಿನಲ್ಲಿ ಬಂದು ಹೋಗುತ್ತಲೇ ನನಗೆ ಅಲ್ಲಿ ಹನ್ನೊಂದು ವರ್ಷ ಕಳೆದಿತ್ತು. ಕೆಲಸ ನಡೆಯುವ ರೀತಿ ಒಂದೇ. ಮಾಲೀಕರು ಗಿರಾಕಿಯ ಹತ್ತಿರ ಹೋಗಿ ಏನೇನು ಬೇಕು ಅಂತ ಬರೆದುಕೊಂಡು, ಸಹಿ ಹಾಕಿಸಿಕೊಂಡು ಬರುವರು. ನಾವು ಐದಾರು ತಿಂಗಳು ತಲೆ ತಗ್ಗಿಸಿ ಬರೆಯುವೆವು. ಕೊನೆಗೆ ಗಿರಾಕಿ, "ನಾನು ಕೇಳಿದ್ದು ಇದಲ್ಲ" ಅಂದರೆ ಸಹಿ ತೋರಿಸುವೆವು. ಮಾವಿನ ಮಂಡಿಯವರು ಮಾತ್ರ ಸಹಿಯನ್ನೂ ನೋಡಲಿಲ್ಲ, ನಾವು ಕೊಟ್ಟದ್ದನ್ನು ಒಂದು ದಿನವೂ ಬಳಸಲಿಲ್ಲ. ಅದು ಮಾಲೀಕರಿಗೆ ಚೆನ್ನಾಗಿ ತಾಗಿತು. ಮುಂದಿನ ತಿಂಗಳು ಅವರು ಮೈಸೂರಿನಿಂದ ಒಬ್ಬ ತರಬೇತುದಾರಳನ್ನು ಕರೆತಂದರು.

ಆಕೆಗೆ ಮೂವತ್ತೈದರ ಆಸುಪಾಸು. ಮೆತ್ತಗೆ ಮಾತಾಡುವವಳು. ತಾನು ಕಲಿಸಲು ಬಂದಿರುವುದಕ್ಕೆ 'ಅಜೈಲ್' ಅನ್ನುತ್ತಾರೆ ಎಂದಳು. ದೊಡ್ಡ ಕೆಲಸವನ್ನು ಚಿಕ್ಕ ಚಿಕ್ಕ ತುಂಡು ಮಾಡಿಕೊಳ್ಳುವುದು, ಎರಡು ವಾರಕ್ಕೊಮ್ಮೆ ಆದಷ್ಟನ್ನು ಗಿರಾಕಿಗೆ ತೋರಿಸುವುದು, ಅವರು ತಪ್ಪು ಅಂದದ್ದನ್ನು ಆಗಲೇ ತಿದ್ದುವುದು. ಪ್ರತಿದಿನ ಬೆಳಿಗ್ಗೆ ಎಲ್ಲರೂ ಗೋಡೆಯ ಬೋರ್ಡಿನ ಮುಂದೆ ಹತ್ತು ನಿಮಿಷ ನಿಂತುಕೊಂಡೇ ಮೂರು ಮಾತು ಹೇಳಬೇಕು: ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ನನಗೆ ಅಡ್ಡಿಯಾಗಿರುವುದು ಏನು. ಪ್ರತಿ ಕೆಲಸಕ್ಕೂ ಒಂದು ಹಳದಿ ಚೀಟಿ, ಕೆಲಸ ಮುಗಿದರೆ ಚೀಟಿ ಬೋರ್ಡಿನ ಆಚೆ ಬದಿಗೆ. ಚೀಟಿಯ ಮೂಲೆಯಲ್ಲಿ ಅದನ್ನು ಮಾಡುವವರ ಹೆಸರು.

ನನ್ನ ಹೆಸರಿದ್ದ ಚೀಟಿಯನ್ನು ನಾನು ಬೋರ್ಡಿನ ತೀರ ಕೆಳಗೆ ಅಂಟಿಸಿದೆ.

ನಾವು ಬರೆದದ್ದನ್ನು ಪರೀಕ್ಷೆ ಮಾಡುತ್ತಿದ್ದವರು ಮರಳವಾಡಿ ಕಡೆಯ ಒಬ್ಬರು, ನನಗಿಂತ ಎರಡು ವರ್ಷ ಚಿಕ್ಕವರು. ಅವತ್ತು ಟೀ ಕುಡಿಯಲು ಕೆಳಗಿಳಿದಾಗ ಅವರು ದನಿ ತಗ್ಗಿಸಿ ಹೇಳಿದರು. "ಅಕ್ಕ, ಇದು ಕೆಲ್ಸ ಕಲ್ಸಕ್ಕಲ್ಲ ಕಣಕ್ಕ. ಯಾರು ನಿಧಾನ ಅಂತ ನೋಡಕ್ಕೆ. ಆರ್ ಜನದಲ್ಲಿ ಇಬ್ರುನ್ನ ಮನೆಗ್ ಕಳ್ಸ್‌ಬೇಕು ಅಂತಿದ್ರೆ ಮೊದ್ಲು ಹಿಂಗೇ ಚೀಟಿ ಅಂಟುಸ್ತಾರೆ."

"ನಿಂಗ್ಯಾರು ಹೇಳುದ್ರು?"

"ಯಾರಾದ್ರೂ ಹೇಳ್ಬೇಕಾ? ಅಡ್ಡಿ ಏನು ಅಂತ ಬಾಯ್ಬುಟ್ಟು ಹೇಳುದ್ರೆ, ಇವ್ನಿಗೆ ಇದು ಬರಲ್ಲ ಅಂತ ಬರ್ಕೊಂಬುಡ್ತಾರೆ."

ಅಂದಿನಿಂದ ಬೆಳಿಗ್ಗೆಯ ಮೀಟಿಂಗಿನಲ್ಲಿ ನಾವೆಲ್ಲ ಶಾಲೆಯಲ್ಲಿ ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸುತ್ತಿದ್ದೆವು. ಅಡ್ಡಿ ಏನಾದರೂ ಇದೆಯಾ ಅಂತ ತರಬೇತುದಾರಳು ಕೇಳಿದರೆ ಆರೂ ಜನರದ್ದು ಒಂದೇ ಉತ್ತರ: ಏನೂ ಇಲ್ಲ. ಒಂದು ಸಂಜೆ ಬಸ್ ನಿಲ್ದಾಣದವರೆಗೆ ಹೋದವಳು ಊಟದ ಡಬ್ಬಿ ಮರೆತದ್ದು ನೆನಪಾಗಿ ಹಿಂದಿರುಗಿದೆ. ಆಕೆ ಒಬ್ಬಳೇ ಬೋರ್ಡಿನ ಮುಂದೆ ನಿಂತು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದಳು. ನಾನು ಮೆಟ್ಟಿಲ ಮೇಲೆಯೇ ನಿಂತೆ. ಫೋಟೋ ತೆಗೆದು, ಯಾರಿಗೋ ಕಳಿಸಿ, ಚೀಲ ಹೆಗಲಿಗೆ ಹಾಕಿಕೊಂಡಳು. ಡಬ್ಬಿ ತೆಗೆದುಕೊಳ್ಳದೆ ಸದ್ದಿಲ್ಲದೆ ಇಳಿದು ಬಂದೆ. ಮರಳವಾಡಿಯವರಿಗೆ ಹೇಳಿದಾಗ ಅವರು, "ನಾನೇನ್ ಅಂದಿದ್ದೆ?" ಅಂದರು, ಅಷ್ಟೆ.

ಆಗ ನಾವು ಮಾಡುತ್ತಿದ್ದದ್ದು ಒಂದು ಚಾಕಿ ಕೇಂದ್ರದ ಕೆಲಸ. ರೇಷ್ಮೆ ಹುಳು ಮೊಟ್ಟೆಯೊಡೆದ ಮೇಲೆ ಮೊದಲ ಕೆಲವು ದಿನ ಅದನ್ನು ಸಾಕುವುದು ಕಷ್ಟ. ಅದಕ್ಕೇ ಕೇಂದ್ರದವರು ಮರಿ ಹುಳುಗಳನ್ನು ಎರಡನೇ ಜ್ವರದವರೆಗೆ ಸಾಕಿ ರೈತರಿಗೆ ಕೊಡುತ್ತಾರೆ. ಹುಳು ತಿನ್ನುವುದು ಬಿಟ್ಟು ಪೊರೆ ಕಳಚಲು ಸುಮ್ಮನೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಕೇಂದ್ರ ಕಬ್ಬಾಳು ಬೆಟ್ಟದ ಬುಡದಲ್ಲಿತ್ತು. ನಡೆಸುತ್ತಿದ್ದವರು ಐವತ್ತು ದಾಟಿದ ಒಬ್ಬ ಹೆಂಗಸು. ಮಾಗಡಿಯವರೆಗೂ ಅವರಿಗೆ ರೈತರಿದ್ದರು. ಯಾವ ರೈತ ಯಾವ ದಿನ ಬಂದು ಹುಳು ಒಯ್ಯಬೇಕು ಅನ್ನುವುದು ತಾನಾಗಿ ಅವರವರ ಮೊಬೈಲಿಗೆ ಹೋಗಬೇಕು. ಮಾಲೀಕರು ಬರೆದುಕೊಂಡು ಬಂದಿದ್ದ ಕಾಗದದಲ್ಲಿ, ಮೊಟ್ಟೆಯೊಡೆದ ಎಂಟನೇ ದಿನ ಎಂದಿತ್ತು. ಆ ಚೀಟಿ ನನ್ನ ಹೆಸರಿಗೆ ಬಂತು.

ಓದಿದ ಕೂಡಲೇ ಅದು ತಪ್ಪು ಅಂತ ನನಗೆ ಗೊತ್ತಾಯಿತು. ನಾನು ಹುಳುಮನೆಯಲ್ಲಿ ಸೊಪ್ಪು ಕತ್ತರಿಸುತ್ತ ಬೆಳೆದವಳು. ಚಳಿ ಬಿದ್ದರೆ ಜ್ವರ ಒಂದು ದಿನ, ಒಂದೂವರೆ ದಿನ ಮುಂದಕ್ಕೆ ಹೋಗುತ್ತದೆ. ಇನ್ನೂ ಸೊಪ್ಪು ತಿನ್ನುತ್ತಿರುವ ಹುಳುವನ್ನು ಗಾಡಿ ಹತ್ತಿಸಬಾರದು ಅಂತ ನನ್ನಮ್ಮ ಎಷ್ಟು ಸಲ ಹೇಳಿದ್ದರೋ. ಆದರೂ ನಾನು ಎಂಟು ಅಂತಲೇ ಬರೆದೆ. ಅಡ್ಡಿ ಇದೆಯಾ ಅಂತ ತರಬೇತುದಾರಳು ಕೇಳಿದಾಗ, ಇಲ್ಲ ಅಂದೆ. ಇದೆ ಅಂದರೆ ಚೀಟಿ ಬೋರ್ಡಿನಲ್ಲಿ ಇದ್ದಲ್ಲೇ ಇರುತ್ತದೆ, ಸಂಜೆ ಅದರ ಫೋಟೋ ಯಾರ ಕೈಗೋ ಹೋಗುತ್ತದೆ. ನನ್ನ ತಲೆಯಲ್ಲಿ ಇದ್ದದ್ದು ಅಷ್ಟೇ. ತೋರಿಸುವ ದಿನ ಕೇಂದ್ರದಾಕೆ ಬಂದರು. ಪರದೆಯ ಮೇಲೆ ತಾರೀಖುಗಳು ಸಾಲಾಗಿ ಬಂದದ್ದನ್ನು ನೋಡಿ ಖುಷಿಪಟ್ಟು ತಲೆಯಾಡಿಸಿದರು. ಆ ತಾರೀಖುಗಳು ಎಲ್ಲಿಂದ ಬಂದವು ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮುಂದಿನ ತಂಡದ ಹುಳುವಿಗೆ ಆ ಪ್ರೋಗ್ರಾಮನ್ನೇ ಹಚ್ಚಿದರು. ಆ ವಾರ ಮೋಡ ಕವಿದು ಗಾಳಿ ತಣ್ಣಗಾಗಿತ್ತು. ಎಂಟನೇ ದಿನ ಬೆಳಿಗ್ಗೆ, ನಾವು ಬೋರ್ಡಿನ ಮುಂದೆ ನಿಂತಿರುವಾಗಲೇ, ಕೇಂದ್ರದಾಕೆಯ ಫೋನು ಬಂತು. ಮಾಲೀಕರು ಸ್ಪೀಕರ್ ಹಾಕಿದರು.

"ಅಲ್ಲ ಕಣಪ್ಪ, ಹುಳ ಇನ್ನೂ ಸೊಪ್ಪು ತಿಂತಾವೆ. ಜ್ವರಕ್ಕೇ ಕೂತಿಲ್ಲ. ಮಾಗಡಿಯಿಂದ ಗಾಡಿ ಮಾಡ್ಕಂಡು ಬಂದ್ಬುಟ್ಟವ್ರೆ. ಹೆಂಗಪ್ಪ ಕಳ್ಸ್‌ಲಿ ನಾನು?"

ಹಿಂದಿನಿಂದ ಒಬ್ಬ ಗಂಡಸಿನ ದನಿ. "ನೀವೇ ಮೆಸೇಜ್ ಕಳ್ಸಿದ್ದೀರ, ಇಲ್ನೋಡಿ. ನಿನ್ನೇನೇ ಹುಳುಮನೆ ತೊಳ್ದು ಸೊಪ್ಪು ತಂದು ಮಡಗಿ ಬಂದಿದ್ದೀನಿ."

ಅವತ್ತು ನಾಲ್ಕು ಜನ ರೈತರು ಬರಿಗೈಯಲ್ಲಿ ವಾಪಸ್ ಹೋದರು. ಮಾಲೀಕರು ಫೋನ್ ಇಟ್ಟು ಬೋರ್ಡಿನ ಕಡೆ ತಿರುಗಿದರು. "ಯಾರ ಚೀಟಿ ಇದು?" ಅಂತ ಗದರಿದರು. ಹೆಸರು ಎದುರಿಗೇ ಇತ್ತು. ಇದಕ್ಕೇ ತಾನೇ ಚೀಟಿ ಅಂಟಿಸಿದ್ದು ಅಂದುಕೊಂಡೆ.

ತರಬೇತುದಾರಳು ಚೀಟಿಗೂ ಮಾಲೀಕರಿಗೂ ನಡುವೆ ಬಂದು ನಿಂತಳು. "ಸಾರ್, ಏನಾಯ್ತು ಅಂತ ನಾವು ಕೂತು ಮಾತಾಡ್ತೀವಿ. ನೀವು ದಯವಿಟ್ಟು ಹೊರಗಿರಿ."

"ನನ್ನ ಆಫೀಸಿನಲ್ಲಿ ನಾನು ಹೊರಗಿರಬೇಕಾ?"

"ಹೌದು ಸಾರ್. ನೀವಿದ್ದರೆ ಯಾರೂ ನಿಜ ಹೇಳಲ್ಲ."

ಅವರು ಬಾಗಿಲು ಎಳೆದುಕೊಂಡು ಹೋದ ಸದ್ದಿಗೆ ಗೋಡೆಯ ಎರಡು ಚೀಟಿ ಉದುರಿದವು. ನಾವು ಕುರ್ಚಿ ಎಳೆದುಕೊಂಡು ಕೂತೆವು. ತರಬೇತುದಾರಳು ಉದುರಿದ ಚೀಟಿಗಳನ್ನು ಹೆಕ್ಕಿ ಮೇಜಿನ ಮೇಲಿಟ್ಟಳು. ನಾನೇ ಮೊದಲು ಅಂದೆ. "ಎಂಟು ದಿನ ಅನ್ನೋದು ತಪ್ಪು ಅಂತ ನನಗೆ ಮೊದಲೇ ಗೊತ್ತಿತ್ತು."

"ಯಾಕೆ ಹೇಳಲಿಲ್ಲ?" ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ.

"ನೀವು ಸಂಜೆ ಬೋರ್ಡಿನ ಫೋಟೋ ತೆಗೀತೀರ. ನಾನು ನೋಡಿದ್ದೀನಿ."

ಆಕೆಯ ಮುಖ ಕೆಂಪಾಯಿತು. ಸುಳ್ಳು ಹೇಳುತ್ತಾಳೆ ಅಂತಲೇ ನಾನು ಕಾದಿದ್ದೆ. ಆದರೆ ಮೊಬೈಲ್ ತೆಗೆದು ಮೇಜಿನ ಮೇಲಿಟ್ಟು ನಮ್ಮ ಕಡೆ ತಳ್ಳಿದಳು. ದಿನಕ್ಕೊಂದು ಫೋಟೋ, ಎಲ್ಲವೂ ಮಾಲೀಕರಿಗೆ ಹೋಗಿದ್ದವು. "ಬಂದ ಮೊದಲ ದಿನವೇ ಅವರು ಕೇಳಿದರು. ನಾನು ಒಪ್ಪಿಕೊಂಡೆ. ನಿಮ್ಮನ್ನ ಕೇಳಲಿಲ್ಲ. ಕೇಳಬೇಕಿತ್ತು, ತಪ್ಪಾಯ್ತು."

ಮರಳವಾಡಿಯವರು ನನ್ನನ್ನು ನೋಡಿ ಹುಬ್ಬೇರಿಸಿದರು. ನನಗೆ ಗೆದ್ದ ಹಾಗೇನೂ ಅನಿಸಲಿಲ್ಲ. ಬರಿಗೈಯಲ್ಲಿ ಹೋದ ಮಾಗಡಿಯವರ ದನಿ ಇನ್ನೂ ಕಿವಿಯಲ್ಲಿತ್ತು. ಅವತ್ತೇ ಎಲ್ಲ ಚೀಟಿಗಳಿಂದ ಹೆಸರು ತೆಗೆದೆವು. ಇನ್ನು ಮುಂದೆ ಫೋಟೋ ಕಳಿಸುವುದಿಲ್ಲ ಅಂತ ಆಕೆ ಮಾಲೀಕರಿಗೆ ಹೇಳಿದಳಂತೆ. ಒಳಗಿನ ಕೋಣೆಯಲ್ಲಿ ನಡೆದ ಮಾತು, ನಾನು ಕೇಳಿಸಿಕೊಂಡದ್ದಲ್ಲ.

ಮಾರನೆಯ ದಿನ ನಾನೂ ತರಬೇತುದಾರಳೂ ಕಬ್ಬಾಳಿಗೆ ಹೋದೆವು. ಮಂಗಳವಾರ, ಅಲ್ಲಿನ ದೇವಿಯ ಗುಡಿಯ ಕಡೆ ಹೋಗುವವರಿಂದ ಬಸ್ಸು ತುಂಬಿತ್ತು. ಕೇಂದ್ರದಾಕೆ ನಮ್ಮ ಕೈಕಾಲು ತೊಳೆಸಿ ಒಳಗೆ ಬಿಟ್ಟರು. ಹುಳುಗಳು ಆಗಷ್ಟೇ ತಲೆಯೆತ್ತಿ ಕದಲದೆ ಕೂತಿದ್ದವು. ನಾನು ತಟ್ಟೆಯ ಮೇಲೆ ಬಗ್ಗಿ, "ಈಗ ಜ್ವರಕ್ಕೆ ಕೂತವೆ" ಅಂದೆ. ಕೇಂದ್ರದಾಕೆ ನನ್ನನ್ನು ದಿಟ್ಟಿಸಿ ನೋಡಿದರು. "ಇಷ್ಟು ಗೊತ್ತಿದ್ದವ್ಳು ಅವತ್ತು ಬಾಯ್ ಬುಡ್ಬಾರ್ದಾಗಿತ್ತಾ ಮಗ?"

ಆ ಮಾತು ಮಾಲೀಕರ ಗದರಿಕೆಗಿಂತ ಹೆಚ್ಚು ನೋಯಿಸಿತು. ತಾರೀಖು ಲೆಕ್ಕ ಹಾಕುವುದನ್ನೇ ತೆಗೆದುಹಾಕೋಣ ಅಂತ ಅಲ್ಲೇ ನಿಂತು ಮೂವರೂ ಮಾತಾಡಿದೆವು. ಹುಳು ಜ್ವರಕ್ಕೆ ಕೂತದ್ದನ್ನು ಕಣ್ಣಾರೆ ನೋಡಿ ಕೇಂದ್ರದಾಕೆ ಒಂದು ಗುಂಡಿ ಒತ್ತಿದರೆ ಸಾಕು, ಆಗ ರೈತರಿಗೆ ಸಂದೇಶ ಹೋಗಬೇಕು. ಮೂರು ದಿನದಲ್ಲಿ ಬರೆದು ಮುಗಿಸಿದೆ. ಮುಂದಿನ ತಂಡದ ಹುಳು, ರೈತರು ಒಬ್ಬರೂ ಕಾಯದೆ, ಒಬ್ಬರೂ ಜಗಳವಾಡದೆ ಹೋಯಿತು.

ಬೆಳಿಗ್ಗೆಯ ಮೀಟಿಂಗಿನಲ್ಲಿ ಆಮೇಲೆ ನಾನು ಅಡ್ಡಿ ಹೇಳತೊಡಗಿದೆ. ಮೊದಮೊದಲು ಹೇಳಬೇಕಾದ್ದನ್ನು ಬಸ್ಸಿನಲ್ಲೇ ಬರೆದುಕೊಂಡು ಬರುತ್ತಿದ್ದೆ. ಮರಳವಾಡಿಯವರು ಮಾತ್ರ ಕೊನೆಯವರೆಗೂ, ಏನೂ ಇಲ್ಲ ಅನ್ನುವುದನ್ನು ಬಿಡಲಿಲ್ಲ. ನಾಲ್ಕು ತಿಂಗಳ ನಂತರ ಹಾರೋಹಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು ಅಂತ ಬಿಟ್ಟು ಹೋದರು. ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದು, ಕೆಲಸ ನಿಧಾನ ಯಾಕೆ ಅಂತ ಮಾಲೀಕರು ತಮ್ಮನ್ನು ಎರಡು ಸಲ ಒಳಗೆ ಕರೆದು ಕೇಳಿದ್ದರು ಅಂದರು. ಅದು ಆ ಫೋಟೋಗಳನ್ನು ನೋಡಿಯೋ, ಬೇರೆ ಏನಾದರೂ ಕಾರಣಕ್ಕೋ ಅವರಿಗೂ ಗೊತ್ತಿರಲಿಲ್ಲ.

ನಾನು ಮಾಲೀಕರನ್ನು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದರೋ, ಹೇಳಿದ್ದನ್ನು ನಂಬುತ್ತಿದ್ದೆನೋ ಇಲ್ಲವೋ.