ಕಾಡುಬಾದಾಮಿ ಮರದ ಸೋಮಾರಿ

ಬೆಳಿಗ್ಗೆ ಐದು ನಲವತ್ತಕ್ಕೆ ದೋನ್ ಎಲಿಯೆಸೆರ್ ಕಾಡುಬಾದಾಮಿ ಮರದೆದುರು ಮೊಣಕಾಲೂರಿ, ದುರ್ಬೀನಿನ ಸ್ಟ್ಯಾಂಡಿನ ಕಾಲುಗಳನ್ನು ತಾವೇ ನೆಲದಲ್ಲಿ ಹೂತಿಟ್ಟ ಕಲ್ಲುಗಳ ಮೇಲೆ ಒಂದೊಂದಾಗಿ ಕೂರಿಸುತ್ತಿದ್ದರು. ಕಾಲುಗಳು ಕಲ್ಲಿನ ಮೇಲೆ ಸರಿಯಾಗಿ ಕೂತು, ಬಿಗಿದ ತಿರುಪು ಅಲುಗದಿದ್ದರೆ ದುರ್ಬೀನು ನೆತ್ತಿಯ ಕವಲುಕೊಂಬೆಯನ್ನೇ ನೋಡುತ್ತಿತ್ತು. ಅವರು ಅದರೊಳಗೆ ಕಣ್ಣಿಡಲಿಲ್ಲ. ಇಟ್ಟರೂ ಪ್ರಯೋಜನವಿರಲಿಲ್ಲ.

ಕೋಸ್ಟರಿಕದ ನಮ್ಮ ಕರಾವಳಿಗೆ ಬರುವ ಪ್ರವಾಸಿಗರು ಮೊದಲು ಕೇಳುವುದು ಸ್ಲಾತನ್ನು. ಎಲೆಗಳ ನಡುವೆ ಅಲುಗದೆ ತೂಗುವ ಆ ಪ್ರಾಣಿಗೆ ನಮ್ಮ ಜನ ಇಟ್ಟ ಹೆಸರು ಸೋಮಾರಿ. ಅದನ್ನು ಹುಡುಕಿ ತೋರಿಸುವುದೇ ಗೈಡುಗಳಾದ ನಮ್ಮ ಕಸುಬು. ಬೆಳಿಗ್ಗೆ ಮೊದಲು ಕಂಡವರು ಪಾರ್ಕಿನ ಗೇಟಿನಲ್ಲಿ ಉಳಿದವರಿಗೆ ಮರ ಯಾವುದೆಂದು ಹೇಳಬೇಕು, ಅದು ಪದ್ಧತಿ. ಬಹಳ ವರ್ಷ ಎಲಿಯೆಸೆರ್ ಹೇಳುವವರು, ನಾವು ಕೇಳುವವರು. ನಮ್ಮಲ್ಲಿ ಅರ್ಧ ಜನಕ್ಕೆ ಕೆಲಸ ಕಲಿಸಿದ್ದೂ ಅವರೇ.

ಅವರ ಕಣ್ಣಿನ ಹಿಂಪರದೆಯ ನಡುಭಾಗ ಸವೆದಿದೆ, ಹೋದದ್ದು ಮರಳುವುದಿಲ್ಲ ಎಂದು ಲಿಮೋನ್ ಪಟ್ಟಣದ ವೈದ್ಯರು ಹೇಳಿದ್ದು ಹೆಂಡತಿ ಸಿನಿಯಾಗೆ ಮಾತ್ರ ಗೊತ್ತಿತ್ತು. ನೋಟದ ಅಂಚು ಉಳಿದಿತ್ತು. ಹಾಗಾಗಿ ಅವರು ಎಡವದೆ ನಡೆಯುತ್ತಿದ್ದರು, ಎದುರು ಬಂದವರಿಗೆ ಕೈಯೆತ್ತುತ್ತಿದ್ದರು. ನೇರ ದಿಟ್ಟಿಸಿದ ಜಾಗದಲ್ಲಿ ಮಾತ್ರ ಬೂದು ಕಲೆ. ಕಣ್ಣು ಹೋದವರ ಪರವಾನಗಿ ಕಾರ್ಡನ್ನು ಗೈಡುಗಳ ಸಂಘ ಶಾಶ್ವತವಾಗಿ ವಾಪಸು ಪಡೆಯುತ್ತದೆ. ಈ ಭಾಗವನ್ನೆಲ್ಲ ಸಿನಿಯಾ ನನಗೆ ಹೇಳಿದ್ದು ಆಮೇಲೆ.

"ಹೇಳ್ಬಿಡಿ ರೀ. ಗೇಟಲ್ಲಿ ಟಿಕೆಟ್ ಹರಿಯೋ ಕೆಲ್ಸ ಆದ್ರೂ ಕೊಡ್ತಾರೆ," ಎಂದಿದ್ದಳಂತೆ ಅವಳು.

"ಟಿಕೆಟ್ ಹರಿಯೋಕೆ ನಾನ್ಯಾಕೆ? ಒಂದು ಮೇಕೆ ಕಟ್ಟಲಿ. ಹರಿಯೋದಲ್ಲ, ತಿಂದೇ ಹಾಕತ್ತೆ."

ಕಾಡುಬಾದಾಮಿ ಮರದಲ್ಲಿ ಒಂದು ಹೆಣ್ಣು ಸೋಮಾರಿ ವರ್ಷಗಳಿಂದ ಬಂದು ಹೋಗುತ್ತಿತ್ತು. ಅದನ್ನು ಅವರು ರಾಣಿ ಎನ್ನುತ್ತಿದ್ದರು. ಆ ವಾರ ಕವಲಿನಲ್ಲಿ ಮಸುಕಾದ ಗಡ್ಡೆಯೊಂದು ಅವರ ನೋಟದ ಅಂಚಿಗೆ ಸಿಕ್ಕಿತು. ಮರುದಿನವೂ ಅಲ್ಲೇ ಇತ್ತು, ಅದರ ಮರುದಿನವೂ. ಪ್ರವಾಸಿಗರು ಸರದಿಯಲ್ಲಿ ದುರ್ಬೀನಿಗೆ ಕಣ್ಣಿಟ್ಟು ಖುಷಿಪಟ್ಟರು. ತಮ್ಮ ಮೇಲಿನ ಕರುಣೆಯಿಂದಲೇ ರಾಣಿ ಅಲ್ಲಿ ಕೂತಿದೆ ಎಂದು ಎಲಿಯೆಸೆರ್ ಸಿನಿಯಾಗೆ ಹೇಳಿದರಂತೆ.

ಆ ಬೆಳಿಗ್ಗೆ ಗೇಟಿನಲ್ಲಿ ಆಲ್ವಿನ್ ಕೆಣಕಿದ. ಅವನೂ ಎಲಿಯೆಸೆರರ ಕೈಯಲ್ಲಿ ಪಳಗಿದ ಗೈಡೇ.

"ಏನಣ್ಣ, ನಿಮ್ಮ ರಾಣಿ ಇವತ್ತೂ ಹಾಸಿಗೆ ಬಿಟ್ಟಿಲ್ವಾ?"

"ಬಿಟ್ಟು ಏನ್ ಮಾಡ್ಬೇಕು? ನಿನ್ ಮುಖ ನೋಡೋಕಾ?"

ಆಲ್ವಿನ್ ನಗಲಿಲ್ಲ. "ಪಕ್ಕದ ಕೊಂಬೇಲಿ ರಣಹದ್ದು ಕೂತಿದೆಯಲ್ಲ ಅಣ್ಣ."

"ಕೂರಲಿ ಬಿಡೋ. ಅದಕ್ಕೂ ಕಾಲು ನೋಯಲ್ವಾ?"

ಎಲಿಯೆಸೆರರ ಎಂಟು ಗಂಟೆಯ ಗುಂಪಿನಲ್ಲಿ ಹಾಲೆಂಡಿನಿಂದ ಬಂದಿದ್ದ ವಯಸ್ಸಾದ ನರ್ಸ್ ಒಬ್ಬಳಿದ್ದಳು. ಅವಳು ದುರ್ಬೀನಿನಿಂದ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ನಾನು ನನ್ನ ಗುಂಪಿನೊಂದಿಗೆ ಹಿಂದೆಯೇ ನಿಂತಿದ್ದೆ.

"ಇದು ಏನ್ಮಾಡ್ತಿದೆ ಸರ್?"

"ನಿದ್ದೆ ಮಾಡ್ತಿದೆ ಅಮ್ಮ."

"ಕಣ್ಣು ಬಿಟ್ಕೊಂಡಾ?" ಎಂದಳು ಅವಳು ಮೆಲ್ಲಗೆ. "ಕಣ್ಣಿನ ಮೇಲೆ ಇರುವೆ ಓಡಾಡ್ತಿವೆ."

ಎಲಿಯೆಸೆರ್ ದುರ್ಬೀನಿಗೆ ಬಾಗಿ ಸುಮ್ಮನೆ ನೋಡಿದಂತೆ ಮಾಡಿದರು. ಮತ್ತೆ ಸ್ಟ್ಯಾಂಡ್ ಮಡಚಿ, ಎಲ್ಲರ ಕ್ಷಮೆ ಕೇಳಿ, ಮನೆಗೆ ಹೊರಟುಹೋದರು.

ಮಧ್ಯಾಹ್ನ ನಾನೂ ಆಲ್ವಿನ್ನೂ ಏಣಿ ಕಟ್ಟಿ ಹೆಣ ಇಳಿಸಿದೆವು. ಸತ್ತ ಮೇಲೂ ಸೋಮಾರಿಯ ಉಗುರುಗಳು ಕೊಂಬೆಯನ್ನು ಬಿಡುವುದಿಲ್ಲ, ಒಂದೊಂದಾಗಿ ಬಿಡಿಸಬೇಕಾಯಿತು. ಅದು ರಾಣಿಯಾಗಿರಲಿಲ್ಲ. ರಾಣಿಯ ಜಾತಿಗೆ ಮುಂಗಾಲಿಗೆ ಮೂರು ಉಗುರು, ಕಣ್ಣಿನ ಸುತ್ತ ಕಪ್ಪುಪಟ್ಟಿ. ಇದು ಎರಡು ಉಗುರಿನ ಜಾತಿಯ ಕಂದು ಗಂಡು, ಹಂದಿಯಂಥ ಮೂತಿ. ಕೆಲಸಕ್ಕೆ ಸೇರಿದ ವಾರದಲ್ಲೇ ಯಾವ ಗೈಡಿಗೂ ಈ ವ್ಯತ್ಯಾಸ ತಿಳಿದಿರುತ್ತದೆ. ಎಲಿಯೆಸೆರ್ ಬೇಕೆಂದೇ ಸತ್ತದ್ದನ್ನು ತೋರಿಸಿದ್ದಾರೆಂದು ಸಿಟ್ಟಿನಲ್ಲಿದ್ದ ನಮಗೆ ಆಗ ಬೇರೇನೂ ಹೊಳೆಯಲಿಲ್ಲ.

ಸಂಜೆ ಶಾಲೆಯ ಕೋಣೆಯಲ್ಲಿ ಸಭೆ ಸೇರಿತು. ಸಿನಿಯಾ ಬಾಗಿಲ ಬಳಿ ನಿಂತಿದ್ದಳು. ಸಂಘದ ಅಧ್ಯಕ್ಷೆ ದೋನ್ಯಾ ಎರ್ಲಿಂದಾ ತಡವರಿಸುತ್ತಲೇ ಕೇಳಿದರು:

"ಸತ್ತಿದೆ ಅಂತ ನಿಮಗೆ ಗೊತ್ತಿತ್ತಾ?"

ಮೋಸಕ್ಕೆ ಎರಡು ತಿಂಗಳು ಕೆಲಸವಿಲ್ಲ, ಅಷ್ಟೇ. ಆಮೇಲೆ ಕಾರ್ಡು ಮರಳಿ ಸಿಗುತ್ತದೆ. ಇದು ಎಲ್ಲರಂತೆ ಅವರಿಗೂ ಗೊತ್ತಿತ್ತು.

"ಗೊತ್ತಿತ್ತು," ಎಂದರು ಎಲಿಯೆಸೆರ್. "ದಿನಾ ದುರ್ಬೀನಲ್ಲಿ ನೋಡ್ತಿದ್ದೆ. ಗೊತ್ತಿದ್ದೇ ತೋರಿಸ್ದೆ. ಮೋಸ ಮಾಡ್ದೆ. ಶಿಕ್ಷೆ ಬರ್ಕೊಳ್ಳಿ."

ಬಾಗಿಲಲ್ಲಿ ಸಿನಿಯಾ ಬಾಯಿಗೆ ಕೈ ಒತ್ತಿಕೊಂಡಳು. ಆಲ್ವಿನ್ ಎದ್ದು ನಿಂತ. ಅವನ ಕಣ್ಣು ತುಂಬಿತ್ತು.

"ನೀವು ಅಂಥವರಲ್ಲ ಅಣ್ಣ. ನಾನು ನಂಬಲ್ಲ."

"ನಂಬು. ವಯಸ್ಸಾದ್ಮೇಲೆ ಮನುಷ್ಯ ಕೆಡ್ತಾನೆ. ನೀನು ಬೇಗ ಶುರು ಮಾಡಿದ್ದೀಯ, ನಾನು ತಡ."

ಯಾರೋ ಒಬ್ಬರು ನಕ್ಕರು. ಆಲ್ವಿನ್ ಕೂರಲಿಲ್ಲ. ಮತ್ತೆ ಮಾತಾಡುವಾಗ ಅವನ ದನಿ ಇಳಿದಿತ್ತು.

"ದಿನಾ ನೋಡಿದ್ರಲ್ಲ. ಹಾಗಾದ್ರೆ ಅದರ ಕೈಗೆ ಎಷ್ಟು ಉಗುರಿತ್ತು, ಹೇಳಿ."

ಉತ್ತರ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

"ಇದೂ ಒಂದು ಪ್ರಶ್ನೆನಾ?" ಎಂದು ಎಲಿಯೆಸೆರ್ ಮುಗುಳ್ನಕ್ಕರು. ಆಲ್ವಿನ್ ನಿಂತಿದ್ದ ಕಡೆಗಲ್ಲ, ಅವನಿಂದ ಒಂದು ಮೊಳ ಆಚೆಗೆ ಮುಖ ಮಾಡಿ, ಪಾಠ ಹೇಳುವಾಗಿನ ಅದೇ ನಿಶ್ಚಿಂತೆಯ ದನಿಯಲ್ಲಿ ಹೇಳಿದರು:

"ಮೂರು."