ನಾನು ಓದಿ ಹೇಳಿದ ಅಭಿಪ್ರಾಯಗಳು

ಮೊದಲು ಫುಸ್ ಎಂಬ ಸದ್ದು. ಟ್ರಂಪೆಟ್ಟಿನ ಕೊಳವೆಯಲ್ಲಿ ನಿಂತ ಉಗುಳನ್ನು ಊದಿ ನೆಲಕ್ಕೆ ಚೆಲ್ಲುವ ಸದ್ದು. ಆಮೇಲೆ ಸ್ವರ. ಸಿಂಧನೂರಿನ ನಮ್ಮ ಓಣಿಯಲ್ಲಿ ವರ್ಷಾನುಗಟ್ಟಲೆ ನನ್ನ ಬೆಳಗು ಶುರುವಾದದ್ದು ಆ ಫುಸ್‌ನಿಂದ. ಅದು ಕೇಳಿದ ಕೂಡಲೇ ಎದ್ದು ಹೋಗಿ ಕಿಟಕಿ ಹಾಕುತ್ತಿದ್ದೆ. ಮೊದಮೊದಲು ಅದು ಅತ್ತೆಯವರ ಆರ್ಡರ್, ಅವರು ತೀರಿಹೋದ ಮೇಲೆ ಹ್ಯಾಬಿಟ್. ಕಿಟಕಿ ಹಾಕಿ ಅದರ ಹಿಂದೆಯೇ ನಿಂತು ಕೊನೆಯ ಸ್ವರದ ತನಕ ಕೇಳುತ್ತಿದ್ದೆ. ಆಚೆ ಇದ್ದವನಿಗೆ ಅದು ಗೊತ್ತಾಗುವುದಾದರೂ ಹೇಗೆ?

ಅವನು ಎದುರುಮನೆಯವನು, ಮದುವೆ ಬ್ಯಾಂಡಿನವನು, ನನಗಿಂತ ಎರಡು ಮೂರು ವರ್ಷ ಚಿಕ್ಕವನು. ಸಾಲಗುಂದ, ಜವಳಗೇರಾ, ಹಟ್ಟಿಯ ಕಂಪನಿ ಕ್ವಾರ್ಟರ್ಸು, ಎಲ್ಲಿ ಮದುವೆಯಾದರೂ ಮದುಮಗನ ಕುದುರೆಯ ಮುಂದೆ ಅವನ ಟ್ರಂಪೆಟ್ಟು. ನಮ್ಮ ಮನೆಯ ಮದುವೆಗಳಿಗೂ ಅವನೇ ಊದಿದ್ದ. ಊಟಕ್ಕೆ ಮಾತ್ರ ಬ್ಯಾಂಡಿನವರದು ಕೊನೆಯ ಪಂಕ್ತಿ, ಅದೂ ಹಿತ್ತಲಲ್ಲಿ. ಡೀಜೆ ಬಂದ ಮೇಲೆ ಆ ಊಟವೂ ಹೋಯಿತು. ಟ್ರಂಪೆಟ್ಟನ್ನು ಹಳೆಯ ಲುಂಗಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿ, ಮಗಳ ಬಳೆ ಅಂಗಡಿಯಲ್ಲಿ ಕೂತ.

ಅದನ್ನು ಅಟ್ಟದಿಂದ ಇಳಿಸಿದವರು ಲಿಂಗಸುಗೂರಿನ ಕಾಲೇಜು ಮಕ್ಕಳು. ಸ್ಕಾ ಅಂತ ಒಂದು ಮ್ಯೂಸಿಕ್ ಇದೆಯಂತೆ. ದೂರದ ಯಾವುದೋ ದ್ವೀಪದ್ದು. ಪೆಟ್ಟು ಬೀಳಬೇಕಾದಲ್ಲಿ ಬೀಳದೆ ಎರಡು ಪೆಟ್ಟಿನ ನಡುವಿನ ಖಾಲಿ ಜಾಗದಲ್ಲಿ ಪುಟಿಯುತ್ತದೆ. ಹಳೆಯ ಕಾಲದ ಆ ಸಂಗೀತವನ್ನು ನಮ್ಮ ಮದುವೆ ಬ್ಯಾಂಡಿನ ಹಿತ್ತಾಳೆ ವಾದ್ಯಗಳಲ್ಲಿ ಮತ್ತೆ ಬದುಕಿಸುತ್ತೇವೆ ಎಂದು ಹೊರಟ ಇವರು ಅವನನ್ನೂ ಬ್ಯಾಂಡಿಗೆ ಸೇರಿಸಿಕೊಂಡರು. ಬೆಳಗಿನ ಫುಸ್ ಮತ್ತೆ ಶುರುವಾಯಿತು, ನನ್ನ ಕಿಟಕಿಯೂ. ಆ ಮಕ್ಕಳ ಪೈಕಿ ಒಬ್ಬ ಹುಡುಗಿ ಕ್ಯಾಮೆರಾ ಹಿಡಿದು ಡಾಕ್ಯುಮೆಂಟರಿ ಮಾಡಿ ಇಂಟರ್ನೆಟ್ಟಿಗೆ ಹಾಕಿದಳು. ಕೆಳಗೆ ನೋಡಿದವರ ಅಭಿಪ್ರಾಯಗಳು ನೂರಾರು ಬಂದವು.

ಮರುದಿನವೇ ಅವನು ಫೋನು ಹಿಡಿದು ನಮ್ಮ ಮೆಟ್ಟಿಲಿಗೆ ಬಂದ.

"ಅಕ್ಕಾರ, ಕನ್ನಡದಾವು ನನ್ನ ಮಗಳು ಓದ್ಯಾಳ. ಎಲ್ಲಾ ನಮ್ಮ ಮಂದೀನ. ಮಾಮಾ ಸೂಪರ್, ಮಾಮಾ ಬೆಂಕಿ. ನಾ ತಗಡು ಬಡದ್ರೂ ಬೇಷ್ ಅನ್ನೂ ಮಂದಿ ಅವು. ಇಂಗ್ಲಿಷಿನ್ಯಾಗ ಏನ ಬರದಾರ ಓದ್ರಿ. ಅವರು ತಿಳದವರು."

ನಮ್ಮ ಕಡೆಯವರ ನಂಬಿಕೆಯೇ ಅದು. ಇಂಗ್ಲಿಷಿನಲ್ಲಿ ಬಂದದ್ದು ಸತ್ಯ. ಆಸ್ಪತ್ರೆಯ ಚೀಟಿ, ಬ್ಯಾಂಕಿನ ನೋಟೀಸು, ಔಷಧದ ಡಬ್ಬಿ, ಎಲ್ಲವನ್ನೂ ಅವನು ನನ್ನ ಹತ್ತಿರವೇ ತರುತ್ತಿದ್ದ. ಕಾನ್ವೆಂಟಿನ ಸಿಸ್ಟರುಗಳ ಕೈಯಲ್ಲಿ ಕಲಿತವಳು ನಾನು, ಒಂದು ಸಲವೂ ತಪ್ಪು ಓದಿದವಳಲ್ಲ. ಫೋನು ತಾನೇ ಅನುವಾದ ಮಾಡಿ ತೋರಿಸುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ.

ಆ ದಿನ ಇದ್ದದ್ದನ್ನು ಇದ್ದಂತೆ ಓದಿದೆ. "ಈ ಮುದುಕನ ಉಸಿರಿನ ಮ್ಯಾಲ ಇಡೀ ಬ್ಯಾಂಡು ನಿಂತೈತಿ ಅಂತ ಒಬ್ಬಾಂವ ಬರದಾನ."

"ಉಸಿರು? ನನ್ನದಾ? ಎರಡು ಮೆಟ್ಟಲ ಹತ್ತಿದ್ರ ತೇಕತೀನ್ರಿ ನಾ!" ಎಂದು ನಕ್ಕ. "ಇನ್ನೊಮ್ಮೆ ಓದ್ರಿ."

ಮೂರು ಸಲ ಓದಿಸಿಕೊಂಡ. ಆಮೇಲೆ ದನಿ ತಗ್ಗಿಸಿ ಕೇಳಿದ, "ಹಲ್ಲಿಂದೇನಾರ ಬರದಾರೇನ್ರಿ?" ಮುಂದಿನ ಹಲ್ಲು ಬಿದ್ದು ಸೆಟ್ಟು ಹಾಕಿಸಿಕೊಂಡಿದ್ದ. ಸೆಟ್ಟಿನ ಮೇಲೆ ಟ್ರಂಪೆಟ್ಟು ಒತ್ತುವುದು ಸುಲಭವಲ್ಲ. "ಮಸ್ಕ್ಯಾಗ ದೊಡ್ಡ ಪ್ರೋಗ್ರಾಂ ಐತ್ರಿ. ಕರದಾರ. ಇಂಗ್ಲಿಷ್ ಮಂದಿ ಹೂಂ ಅಂದ್ರ ಹೋಗ್ತೀನಿ. ನಗಾಡಾಕತ್ತಿದ್ರ ಬ್ಯಾಡ, ಈ ವಯಸ್ಸಿನ್ಯಾಗ ನಗಿಗೇಡು ಬ್ಯಾಡ."

ಅವನು ಹೋದ ಮೇಲೆ ಮಧ್ಯಾಹ್ನ ನಾನೊಬ್ಬಳೇ ಕೂತು ಆ ಡಾಕ್ಯುಮೆಂಟರಿ ನೋಡಿದೆ. ನನಗೂ ಅದರಲ್ಲಿ ಪಾಲಿತ್ತು. ಕ್ಯಾಮೆರಾ ಹುಡುಗಿ ನಮ್ಮ ಪಡಸಾಲೆಯಲ್ಲಿ ಎರಡು ತಾಸು ನನ್ನನ್ನು ಕೂಡಿಸಿ ಮಾತಾಡಿಸಿದ್ದಳು. ಮುತ್ತಿನ ಸರ ಹಾಕಿಕೊಂಡಿದ್ದೆ. ಕಾನ್ವೆಂಟಿನ ಕ್ವಾಯರು, ಸಿಸ್ಟರ ಪಿಯಾನೋ, ಎಲ್ಲ ಒಳ್ಳೆಯ ಇಂಗ್ಲಿಷಿನಲ್ಲಿ ಹೇಳಿದ್ದೆ. ಕೊನೆಯ ತನಕ ಕಾದೆ. ನನ್ನ ಮುಖ ಬರಲೇ ಇಲ್ಲ. ಬಂದದ್ದು ನನ್ನ ಕಿಟಕಿ.

ಅವನು ತನ್ನ ಕಟ್ಟೆಯ ಮೇಲೆ ಕೂತು ನಗುತ್ತ ಹೇಳುತ್ತಿದ್ದ: "ಎದರ ಮನಿ ಅಕ್ಕಾರಿಗೆ ನಾ ಊದೂದಂದ್ರ ಆಗಿಬರೂದಿಲ್ಲ. ನಾ ಶುರು ಮಾಡಿದ್ನೆಂದ್ರ ಅವರ ಕಿಟಕಿ ಧಡಕ್! ಅದ ನನ್ನ ತಾಳ." ಅದರ ಹಿಂದೆಯೇ ನನ್ನ ಕಿಟಕಿ ಮುಚ್ಚಿಕೊಳ್ಳುವ ದೃಶ್ಯ. ಆ ಧಡಕ್ಕನ್ನೇ ಮಕ್ಕಳು ಹಾಡಿನ ನಡುವೆ, ಆ ಖಾಲಿ ಜಾಗದಲ್ಲಿ, ಮತ್ತೆ ಮತ್ತೆ ಹಾಕಿದ್ದರು. ಕೆಳಗೆ ಯಾರೋ ಬರೆದಿದ್ದರು, ಪ್ರತಿ ಓಣಿಯಲ್ಲೂ ಇಂಥ ಒಬ್ಬಳು ವಿಂಡೋ ಆಂಟಿ ಇರುತ್ತಾಳೆ ಎಂದು. ಅದಕ್ಕೆ ನಗುವ ಮುಖಗಳ ಸಾಲು. ಇನ್ನೊಬ್ಬರು ಕೇಳಿದ್ದರು: ಆ ಮುದುಕಿ ಇನ್ನೂ ಬದುಕಿದೆಯಾ?

ಮರುದಿನ ಅವನು ಬಂದಾಗ ಚಹಾ ಕೊಟ್ಟೆ, ಅವನಿಗೆಂದೇ ಬೇರೆ ಇಟ್ಟಿದ್ದ ಕಪ್ಪಿನಲ್ಲಿ. ಕನ್ನಡಕ ಒರೆಸಿಕೊಂಡೆ. ಪರದೆಯ ಮೇಲೆ ಇದ್ದದ್ದು ಇಷ್ಟು: ಆ ಅಜ್ಜನನ್ನು ನೋಡಲಿಕ್ಕೆಂದೇ ಮಸ್ಕಿಗೆ ಬರುತ್ತೇನೆ. ನಾನು ಓದಿದ್ದು ಬೇರೆ.

"ಹೊಸಾವು ಅಷ್ಟ ಚೊಲೋ ಇಲ್ಲಪಾ. ಮುದುಕನ ಹಲ್ಲಿನ ಸೆಟ್ಟು ಸೀಟಿ ಹೊಡದಂಗ ಕೇಳತೈತಿ ಅಂತ ಬರದಾರ."

ಅವನ ಕೈ ಬಾಯಿಗೆ ಹೋಯಿತು.

"ಮತ್ತ?"

"ಹುಡುಗರು ಪಾಪ ಅಂತ ಇಟಗೊಂಡಾರ, ಮುಂದಿನ ಪ್ರೋಗ್ರಾಂನ್ಯಾಗ ಬಿಡಸಿದ್ರ ಬ್ಯಾಂಡು ಸುಧಾರಸತೈತಿ ಅಂತ."

"ಖರೇನ ಹಂಗ ಬರದಾರೇನ್ರಿ?"

"ಬರದದ್ದನ್ನ ಓದೀನಿ. ನಾ ಯಾವತ್ತಾರ ನಿನಗ ಸುಳ್ಳು ಓದೀನೇನು?"

"ಛೇ ಛೇ, ನಿಮಗ ಹಂಗಂತೀನೇನ್ರಿ," ಎಂದು ಅವನೇ ನಾಚಿಕೊಂಡ. ಚಹಾ ಮುಗಿಸಿ, ಎಂದಿನಂತೆ ಕಪ್ಪನ್ನು ತಾನೇ ನಲ್ಲಿಯಲ್ಲಿ ತೊಳೆದು ಬೋರಲು ಹಾಕಿ ಹೋದ. ಅದರ ಮರುದಿನ ಫುಸ್ ಎಂಬ ಸದ್ದು ಬರಲಿಲ್ಲ. ಆಮೇಲೂ ಬರಲಿಲ್ಲ. ಕಿಟಕಿ ತೆರೆದೇ ಇತ್ತು.

ಪ್ರೋಗ್ರಾಮಿನ ವಾರ ಕ್ಯಾಮೆರಾ ಹುಡುಗಿ ಓಡಿಬಂದಳು. "ಅಜ್ಜಿ, ಅವರು ಬರಂಗಿಲ್ಲ ಅನ್ನಾಕತ್ತಾರ. ಯಾಕಂತ ಹೇಳವಲ್ರು. ನೀವೊಂದು ಮಾತು ಹೇಳ್ರಿ, ನಿಮ್ಮ ಮಾತು ತೆಗದು ಹಾಕಂಗಿಲ್ಲ."

"ವಯಸ್ಸಾದವರನ್ನ ಹಂಗ ಪೀಡಿಸಬಾರದು, ಡಿಯರ್."

ಅವಳು ಹೊರಡುವಾಗ ಚಪ್ಪಲಿ ಮೆಟ್ಟುತ್ತ ಅಂದಳು, "ನಿಮಗ ಸಾರಿ ಹೇಳೂದಿತ್ತು ಅಜ್ಜಿ. ನಿಮ್ಮ ಇಂಟರ್ವ್ಯೂ ಪೂರಾ ಫ್ಯಾನಿನ ಸದ್ದು. ಒಂದು ಮಾತೂ ಕೇಳಂಗಿರಲಿಲ್ಲ. ಅವರಂತೂ ನಮ್ಮ ಅಕ್ಕಾರಿಂದು ಹಾಕ್ರಿ, ನಮ್ಮ ಅಕ್ಕಾರಿಂದು ಹಾಕ್ರಿ ಅಂತ ಜೀವ ತಿಂದ್ರು."

ಫ್ಯಾನು ಹಾಕಿಸಿದ್ದು ನಾನೇ, ಪೌಡರು ಕರಗಬಾರದೆಂದು. ಎದುರುಮನೆ ಹತ್ತು ಹೆಜ್ಜೆ. ದಾಟಿ ಹೋಗಿ ಹೇಳಬಹುದಿತ್ತು. ಹೇಳಿದರೆ ಇಷ್ಟು ವರ್ಷ ಓದಿಕೊಟ್ಟ ಚೀಟಿಗಳೆಲ್ಲ ಸುಳ್ಳಾಗುತ್ತವೆ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಐ ಸ್ಟೇಡ್ ಇನ್ ಮೈ ಚೇರ್, ಅಷ್ಟೇ. ಮಸ್ಕಿಯಲ್ಲಿ ಅವನಿಲ್ಲದೆ ಪ್ರೋಗ್ರಾಮು ಆಯಿತು. ಸ್ವಲ್ಪ ದಿನಕ್ಕೆ ಅವನ ಮಗಳು ಬಳೆ ಅಂಗಡಿಯನ್ನು ಅದೇ ಮಸ್ಕಿಗೆ ಸಾಗಿಸಿದಳು. ಅವನೂ ಹೋದ.

ಕೊನೆಯ ಸಲ ಅವನನ್ನು ಕಂಡದ್ದು ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ. ನಾನು ಲಿಂಗಸುಗೂರಿನಿಂದ ವಾಪಸು ಬರುತ್ತಿದ್ದೆ. ಬಸ್ಸು ನಿಂತಾಗ ನನ್ನ ಕಿಟಕಿಯ ಕೆಳಗೆ ಬಳೆಯ ಪೆಟ್ಟಿಗೆ ಹೊತ್ತು ನಿಂತಿದ್ದ. ಬಾಯಿ ಒಳಕ್ಕೆ ಹೋಗಿತ್ತು. ಹಲ್ಲಿನ ಸೆಟ್ಟು ಹಾಕುವುದನ್ನೇ ಬಿಟ್ಟಿದ್ದ.

"ಅಕ್ಕಾರ! ಆರಾಮದೀರಿ?" ಪೆಟ್ಟಿಗೆ ಕೆಳಗಿಟ್ಟು ಸಲಾಮು ಮಾಡಿದ. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ, ಬಸ್ಸು ಸ್ಟಾರ್ಟ್ ಆಗುವಾಗ ಕೇಳಿದ: "ಅದರಾಗ ಮತ್ತೇನಾರ ಬರದಾರೇನ್ರಿ? ಟ್ರಂಪೆಟ್ಟಿನಾಂವ ಎಲ್ಲಿ ಅಂತ ಯಾರಾರ ಕೇಳ್ಯಾರ?"

ಅಂದು ಬೆಳಿಗ್ಗೆಯೇ ನೋಡಿದ್ದೆ. ಆ ಅಜ್ಜ ಎಲ್ಲಿ, ಅಜ್ಜನನ್ನು ಕರೆತನ್ನಿ, ಅಜ್ಜನಿಲ್ಲದೆ ಇದೇನು ಬ್ಯಾಂಡು? ಸಾಲುಸಾಲು.

"ಇಲ್ಲಪಾ. ಯಾರೂ ಕೇಳಿಲ್ಲ."

"ಚೊಲೋ ಆತು ಬಿಡ್ರಿ. ನೀವು ಓದಿ ಹೇಳಿದ್ರಿ, ನನ್ನ ಇಜ್ಜತ್ ಉಳೀತು." ಬಸ್ಸು ಹೊರಟಿತು. ಅವನು ಎರಡು ಹೆಜ್ಜೆ ಜೊತೆಗೇ ಬಂದ. "ಧೂಳ ಬರತೈತ್ರಿ ಅಕ್ಕಾರ, ಕಿಟಕಿ ಹಾಕ್ಕೋರಿ."

ಹಾಕಿಕೊಂಡೆ.